ಮಗು ಬಂದು ಹೇಳಿದಾಗ ಏನು ಮಾಡಬೇಕು? ಫುಟ್‌ಬಾಲ್ ಕ್ಲಬ್ಬುಗಳಿಗೊಂದು ಕೈಪಿಡಿ

ತುಮಕೂರು ಜಿಲ್ಲೆಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಮಕ್ಕಳಿಗಾಗಿ ದೂರುಪೆಟ್ಟಿಗೆ ಇಟ್ಟಿದ್ದಾರೆಂದು ಕೇಳಿ ನೋಡಲು ಹೋಗಿದ್ದೆ. ತಗಡಿನ ಪೆಟ್ಟಿಗೆಗೆ ಹಸಿರು ಬಣ್ಣ ಬಳಿದು, ಗಟ್ಟಿಯಾದ ಬೀಗ ಹಾಕಿ, ಚೆಂಡು ಇಡುವ ಕೋಣೆಯ ಬಾಗಿಲ ಪಕ್ಕದಲ್ಲಿ ಗೋಡೆಗೆ ಹೊಡೆದಿದ್ದರು. ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದಾಗ ಕೋಚ್ ಕೊರಳಲ್ಲಿದ್ದ ಸೀಟಿಯ ದಾರವನ್ನು ಎತ್ತಿ ತೋರಿಸಿದರು. ಕೀಲಿ ಸೀಟಿಯ ಜೊತೆಯಲ್ಲೇ ತೂಗುತ್ತಿತ್ತು. ಆ ಪೆಟ್ಟಿಗೆಯೊಳಗೆ ಇದುವರೆಗೆ ಒಂದು ಚೀಟಿಯೂ ಬಿದ್ದಿಲ್ಲವೆಂದು ಅವರು ಹೆಮ್ಮೆಯಿಂದಲೇ ಹೇಳಿದರು.

ಹಲವು ವರ್ಷಗಳಿಂದ ಮಕ್ಕಳ ತಂಡಗಳ ಹಿಂದೆ ಓಡಾಡುತ್ತಿರುವ ನನಗೆ ಇಂತಹ ವ್ಯವಸ್ಥೆಗಳು ಹೊಸದಲ್ಲವಾದ್ದರಿಂದ, ಮಕ್ಕಳನ್ನು ದೌರ್ಜನ್ಯದಿಂದ ಕಾಪಾಡಲು ಸಣ್ಣ ಕ್ಲಬ್ಬುಗಳು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ, ಹುಡುಗ ಹುಡುಗಿ ಎಂಬ ಭೇದವೂ ಅಲ್ಲಿಲ್ಲ. ಮೀಸೆ ಚಿಗುರಿದ ಹದಿನೇಳರ ಗೋಲ್‌ಕೀಪರ್ ಕೂಡ ಆ ಲೆಕ್ಕಕ್ಕೆ ಸೇರುತ್ತಾನೆ.

ಮೊದಲ ಹೆಜ್ಜೆ: ಹೊಣೆಗಾರರನ್ನು ಗೊತ್ತುಮಾಡುವುದು

ಮಕ್ಕಳ ದೂರು ಕೇಳಿಸಿಕೊಳ್ಳಲು ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ, ಇಬ್ಬರು ಸಾಕು. ಅವರು ಕೋಚ್ ಆಗಿರಬಾರದು, ಕೋಚ್‌ನ ನೆಂಟರಾಗಿರಬಾರದು, ತಂಡದ ಆಯ್ಕೆಯಲ್ಲಿ ಅವರ ಮಾತು ನಡೆಯಬಾರದು. ತಂಡದಿಂದ ತೆಗೆದುಹಾಕುವ ಶಕ್ತಿ ಇರುವವರ ಬಳಿಗೆ ಯಾವ ಮಗುವೂ ದೂರು ತರುವುದಿಲ್ಲ. ವಕೀಲರನ್ನೇ ಹುಡುಕಬೇಕೆಂದು ಕೆಲವರು ಹೇಳುತ್ತಾರೆ, ಆದರೆ ನಾನು ನಿವೃತ್ತ ಶಾಲಾ ಶಿಕ್ಷಕಿಯನ್ನೋ ನರ್ಸ್ ಆಗಿರುವ ತಾಯಿಯನ್ನೋ ಆರಿಸುತ್ತೇನೆ, ಏಕೆಂದರೆ ಇಲ್ಲಿ ಬೇಕಾಗಿರುವುದು ಸುಮ್ಮನೆ ಕೇಳಿಸಿಕೊಳ್ಳುವ ಅಭ್ಯಾಸ.

ಎರಡನೆಯ ಹೆಜ್ಜೆ: ಕೋಚ್‌ನ ಪೂರ್ವಾಪರ ವಿಚಾರಿಸುವುದು

ಪೊಲೀಸ್ ಪರಿಶೀಲನಾ ಪತ್ರಕ್ಕೆ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಿಸಿರಿ. ಆದರೆ ಆ ಪತ್ರ ಹೇಳುವುದು ದಾಖಲಾದ ಪ್ರಕರಣಗಳ ವಿಷಯವನ್ನು ಮಾತ್ರ. ಆದ್ದರಿಂದ ಹಿಂದಿನ ಕ್ಲಬ್ಬಿಗೆ ಫೋನ್ ಮಾಡಿ, ‘ಇವರನ್ನು ಮತ್ತೆ ಕರೆಸಿಕೊಳ್ಳುತ್ತೀರಾ?’ ಎಂದು ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವುದಕ್ಕೆ ಎಷ್ಟು ಹೊತ್ತಾಯಿತೆಂಬುದನ್ನೂ ಗಮನಿಸಿರಿ. ದೊಡ್ಡ ತಂಡದಲ್ಲಿ ಕೆಲಸ ಮಾಡಿದ್ದಾರೆಂಬುದು ಭರವಸೆಗೆ ಸಾಲದು. 2022ರ ಜೂನ್‌ನಲ್ಲಿ ಭಾರತದ 17 ವರ್ಷದೊಳಗಿನ ಬಾಲಕಿಯರ ತಂಡ ಯುರೋಪ್ ಪ್ರವಾಸದಲ್ಲಿದ್ದಾಗಲೇ ಅದರ ಸಹಾಯಕ ಕೋಚ್ ದುರ್ವರ್ತನೆಯ ಆರೋಪದ ಮೇಲೆ ಕೆಲಸ ಕಳೆದುಕೊಳ್ಳಬೇಕಾಯಿತು. ಅರ್ಧ ಗಂಟೆಯಲ್ಲಿ ಮುಗಿದು, ಬಂಗಾರದ ಅಂಚಿನ ಪ್ರಮಾಣಪತ್ರ ಕೊಡುವ ಆನ್‌ಲೈನ್ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ. ಫಿಫಾ 2019ರಲ್ಲಿ ‘ಗಾರ್ಡಿಯನ್ಸ್’ ಹೆಸರಿನಲ್ಲಿ ಹೊರತಂದ ಮಕ್ಕಳ ಸುರಕ್ಷತೆಯ ಮಾರ್ಗಸೂಚಿ ಉಚಿತವಾಗಿ ಸಿಗುತ್ತದೆ, ಅದನ್ನು ಓದಿಸಿದರೆ ಸಾಕು.

ಮೂರನೆಯ ಹೆಜ್ಜೆ: ನಿಯಮ ಬರೆದು ಅಂಟಿಸುವುದು

ಒಂದು ಪುಟ ಮೀರಬಾರದು. ದೊಡ್ಡವರೊಬ್ಬರು ಮತ್ತು ಮಗುವೊಂದು ಮುಚ್ಚಿದ ಬಾಗಿಲ ಹಿಂದೆ ಇರಬಾರದು. ಮಕ್ಕಳು ಬಟ್ಟೆ ಬದಲಿಸುವಾಗ ಯಾವ ಫೋನೂ ಹೊರಗೆ ಬರಬಾರದು. ಆಡುವಾಗ ತೊಡೆಯ ಸ್ನಾಯು ಹಿಡಿದುಕೊಂಡರೆ ಮೈದಾನದ ಅಂಚಿನಲ್ಲಿ, ಎಲ್ಲರೆದುರಿಗೆ, ಮಗುವನ್ನು ಕೇಳಿಯೇ ಉಪಚಾರ ಮಾಡಬೇಕು. ಕೋಚ್ ಮಗುವಿಗೆ ಒಂಟಿಯಾಗಿ ಸಂದೇಶ ಕಳಿಸಬಾರದು, ಹೇಳುವುದೆಲ್ಲ ಪೋಷಕರಿರುವ ಗುಂಪಿನಲ್ಲೇ ಬರಬೇಕು. ಕತ್ತಲಾಯಿತೆಂದು ಶಿರಾ ಗೇಟಿನ ಹುಡುಗನನ್ನು ಕೋಚ್ ಬೈಕಿನಲ್ಲಿ ಒಬ್ಬನೇ ಕೂರಿಸಿಕೊಂಡು ಹೋಗುವುದು ಉಪಕಾರವೆಂದೇ ಕಾಣುತ್ತದೆ, ಆದರೂ ಅದು ಬೇಡ, ಮನೆಯವರು ಬರುವವರೆಗೆ ಇಬ್ಬರು ದೊಡ್ಡವರು ಮೈದಾನದಲ್ಲೇ ಕಾಯಲಿ. ಹೊಡೆತದ ವಿಷಯದಲ್ಲಿ ‘ಶಿಸ್ತಿಗಾಗಿ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ, ಮಕ್ಕಳ ಆರೈಕೆಯನ್ನು ವಹಿಸಿಕೊಂಡ ಸಂಸ್ಥೆಯವರೇ ಮಗುವಿನ ಮೇಲೆ ಕ್ರೌರ್ಯ ಎಸಗಿದರೆ 5 ವರ್ಷದವರೆಗೆ ಕಠಿಣ ಸಜೆಯಾಗಬಹುದು.

ಇಲ್ಲೇ ಹೇಳಿಬಿಡುತ್ತೇನೆ: ವಯಸ್ಸಿನ ದಾಖಲೆಗೆಂದು ಮಕ್ಕಳ ಆಧಾರ್ ಮತ್ತು ಜನನ ಪ್ರಮಾಣಪತ್ರಗಳನ್ನು ವಾಟ್ಸ್‌ಆ್ಯಪ್ ಗುಂಪಿಗೇ ಹಾಕಿಸುವ ಸುಲಭದ ದಾರಿಯನ್ನು ಇಂದೇ ನಿಲ್ಲಿಸಿರಿ. ಹೆಸರು, ವಿಳಾಸ, ಹುಟ್ಟಿದ ದಿನ, ಮುಖ, ಎಲ್ಲವೂ ನೂರಾರು ಅಪರಿಚಿತರ ಕೈಗೆ ಹೋಗುತ್ತವೆ.

ಪಂದ್ಯಕ್ಕೆಂದು ಬೆಂಗಳೂರಿಗೋ ಅದಕ್ಕಿಂತ ದೂರಕ್ಕೋ ಹೋಗುವಾಗ ಪೋಷಕರ ಲಿಖಿತ ಒಪ್ಪಿಗೆ ಇರಲಿ, ಹೆಣ್ಣುಮಕ್ಕಳಿದ್ದರೆ ಮಹಿಳೆಯೊಬ್ಬರು ಜೊತೆಗಿರಲಿ, ರಾತ್ರಿ ದೊಡ್ಡವರು ಮಲಗುವ ಕೋಣೆ ಬೇರೆಯಾಗಿರಲಿ.

ನಾಲ್ಕನೆಯ ಹೆಜ್ಜೆ: ಮಗು ಹೇಳಿದಾಗ

ಕ್ಲಬ್ಬುಗಳು ಎಡವುವುದು ಇಲ್ಲಿಯೇ. ಒಮ್ಮೆ ಹದಿಮೂರರ ಹುಡುಗನೊಬ್ಬ ಅಭ್ಯಾಸ ಮುಗಿದ ಮೇಲೆ ಕೋನ್‌ಗಳನ್ನು ಒಂದರೊಳಗೊಂದು ಜೋಡಿಸುತ್ತಾ, ತಲೆ ಎತ್ತದೆ, ಸಹಾಯಕ ಕೋಚ್‌ನ ಬಗ್ಗೆ ಕಾರ್ಯದರ್ಶಿಗೆ ಒಂದು ಮಾತು ಹೇಳಿದ. ಕಾರ್ಯದರ್ಶಿ ಕೆಟ್ಟವರೇನಲ್ಲ. ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಅಂದು ಸಂಜೆಯೇ ಸಮಿತಿ ಕರೆದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಏಳು ಜನ ಗಂಡಸರು ಕುಳಿತಿದ್ದರು, ಆರೋಪ ಹೊತ್ತವನೂ ಒಂದು ಕುರ್ಚಿಯಲ್ಲಿದ್ದ. ಹುಡುಗನನ್ನು ನಡುವೆ ನಿಲ್ಲಿಸಿ ‘ಹೆದರ್ಬೇಡ, ಏನಾಯ್ತು ಹೇಳಪ್ಪಾ’ ಎಂದರು. ಹುಡುಗ ಬೂಟಿನ ಮುಳ್ಳಿನಿಂದ ನೆಲ ಕೆರೆಯುತ್ತಾ, ‘ಏನಿಲ್ಲ ಸಾರ್, ನಾನೇ ತಪ್ಪು ತಿಳ್ಕೊಂಡೆ’ ಎಂದ. ಎಲ್ಲರಿಗೂ ಸಮಾಧಾನವಾಯಿತು, ಟೀ ಬಂತು. ಆ ಏಳು ಜನರಲ್ಲಿ ನಾನೂ ಒಬ್ಬ. ಮುಂದಿನ ವಾರದಿಂದ ಹುಡುಗ ಮೈದಾನಕ್ಕೆ ಬರಲಿಲ್ಲ.

ಆದ್ದರಿಂದ ನೆನಪಿಡಿ, ವಿಚಾರಣೆ ಕ್ಲಬ್ಬಿನ ಕೆಲಸವಲ್ಲ. ಕೇಳಿಸಿಕೊಳ್ಳುವುದು, ಬರೆದಿಡುವುದು, ತಲುಪಿಸುವುದು, ಇಷ್ಟೇ ನಿಮ್ಮ ಪಾಲಿನದು.

ಮಗು ಕಚೇರಿಗೆ ಬಂದು ಕುರ್ಚಿಯೆಳೆದು ಕುಳಿತು ಹೇಳುವುದಿಲ್ಲ. ಲೇಸು ಕಟ್ಟುವಾಗಲೋ, ಬಸ್ಸಿನ ಕಿಟಕಿಯಾಚೆ ನೋಡುತ್ತಲೋ, ‘ನಾಳೆಯಿಂದ ಬರಲ್ಲ ಸಾರ್’ ಎಂಬ ಮಾತಿನಿಂದ ಶುರುವಾಗಬಹುದು. ಕೈಯಲ್ಲಿರುವ ಕೆಲಸ ಬಿಟ್ಟು, ಬೇರೆಯವರಿಗೆ ಕಾಣುವಂತೆ ಆದರೆ ಕೇಳದಂತೆ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳಿರಿ. ಯಾರಿಗೂ ಹೇಳಬಾರದೆಂದು ಮಗು ಆಣೆ ಕೇಳಿದರೆ ಒಪ್ಪಬೇಡಿ, ಆ ಆಣೆಯನ್ನು ನೀವು ಮುರಿಯಲೇಬೇಕಾಗುತ್ತದೆ. ‘ಹೇಳಿದ್ದು ಒಳ್ಳೇದಾಯ್ತು. ತಪ್ಪು ನಿಂದಲ್ಲ. ನಿನಗೆ ಸಹಾಯ ಮಾಡೋರಿಗೆ ಮಾತ್ರ ತಿಳಿಸ್ತೀನಿ’ ಎಂದರೆ ಸಾಕು. ‘ಆಮೇಲೆ?’ ಎಂಬುದಕ್ಕಿಂತ ಹೆಚ್ಚಿನ ಪ್ರಶ್ನೆ ಬೇಕಾಗಿಲ್ಲ. ‘ಇಲ್ಲಿ ಮುಟ್ಟಿದ್ರಾ?’ ಎಂದು ನೀವಾಗಿ ಕೇಳಿದರೆ ಮಗುವಿನ ಬಾಯಿಗೆ ನಿಮ್ಮ ಮಾತು ಹೋಗುತ್ತದೆ, ನಾಳೆ ನ್ಯಾಯಾಲಯದಲ್ಲಿ ಆ ಮಗುವಿನ ಹೇಳಿಕೆಗೇ ಅದು ಮುಳುವಾಗಬಹುದು. ‘ಅವತ್ತೇ ಯಾಕೆ ಹೇಳ್ಲಿಲ್ಲ?’ ಎಂದಂತೂ ಕೇಳಲೇಬೇಡಿ.

ಗಂಟೆಯೊಳಗೆ ಬರೆದಿಡಿ. ಮಗು ಬಳಸಿದ ಪದವನ್ನೇ, ಅದು ಬೈಗುಳವಾಗಿದ್ದರೂ, ತಿದ್ದದೆ ಬರೆದು, ದಿನಾಂಕ, ಹೊತ್ತು, ಸ್ಥಳ ಹಾಕಿ ಸಹಿ ಮಾಡಿರಿ. ನಿಮ್ಮ ಅಭಿಪ್ರಾಯ ಅದರಲ್ಲಿ ಬೇಡ. ಮೊಬೈಲಿನಲ್ಲಿ ವಿಡಿಯೊ ಮಾಡುವುದಾಗಲಿ, ಗಾಯದ ಫೋಟೊ ತೆಗೆಯುವುದಾಗಲಿ ಬೇಡವೇ ಬೇಡ.

ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದರೆ, ಅಥವಾ ನಡೆಯಬಹುದೆಂಬ ಆತಂಕ ಹುಟ್ಟಿದರೂ, ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಹತ್ತಿರದ ಠಾಣೆಗೆ ತಿಳಿಸುವುದು ಕಡ್ಡಾಯ. ಮಗು ಈಗಲೇ ಅಪಾಯದಲ್ಲಿದ್ದರೆ 112ಕ್ಕೆ ಕರೆ ಮಾಡಿ, ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಪೊಲೀಸರಿಗೆ ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸವಾಗಬಹುದು. ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಅದು ಒಂದು ವರ್ಷದವರೆಗೂ ಹೋಗುತ್ತದೆ. ಸದುದ್ದೇಶದಿಂದ ತಿಳಿಸಿದವರಿಗೆ 19ನೇ ಕಲಮಿನಲ್ಲೇ ರಕ್ಷಣೆಯೂ ಇದೆ. ‘ಕ್ಲಬ್ಬಿನ ಮರ್ಯಾದೆ ಏನಾಗಬೇಕು’ ಎಂದು ಹಿರಿಯರೊಬ್ಬರು ರಾಜಿಗೆ ಬಂದೇ ಬರುತ್ತಾರೆ. ರಾಜಿ ಮಾಡಿಸುವ ಅಧಿಕಾರ ಕ್ಲಬ್ಬಿಗೆ ಇಲ್ಲವೆಂದು ಹೇಳಿ ಕಳಿಸಿರಿ.

ತಂದೆತಾಯಿ ಹಿಂಜರಿಯುವುದು ಬಹುತೇಕ ಠಾಣೆಯ ಭಯದಿಂದ. ಅವರಿಗೆ ಕಾಯ್ದೆಯಲ್ಲಿರುವುದನ್ನು ಬಿಡಿಸಿ ಹೇಳಿರಿ: ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಒಪ್ಪಿಗೆಯಾದ ಜಾಗದಲ್ಲೋ, ಸಾಧ್ಯವಾದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವರದಿ ಮಾಡಬೇಕು. ಆರೋಪ ಮನೆಯವರ ಮೇಲೆಯೇ ಇದ್ದರೆ ಮಾತ್ರ ಮೊದಲು ಅವರಿಗೆ ಹೇಳದೆ ನೇರವಾಗಿ ಪೊಲೀಸರಿಗೇ ತಿಳಿಸಿರಿ.

ಬೈಗುಳ, ಗೇಲಿ, ಹಿರಿಯ ಹುಡುಗರ ಕೀಟಲೆಯಂಥವನ್ನು ಹೊಣೆಗಾರರು ಪುಸ್ತಕದಲ್ಲಿ ಬರೆದುಕೊಂಡು ಅಂದೇ ಪೋಷಕರನ್ನು ಕರೆಸಿ ಮಾತನಾಡಲಿ.

ಐದನೆಯ ಹೆಜ್ಜೆ: ಮರುದಿನ

ಆರೋಪ ಬಂದವರು ಮಕ್ಕಳ ಬಳಿಗೆ ಬರದಂತೆ ಅಂದಿನಿಂದಲೇ ನೋಡಿಕೊಳ್ಳಿರಿ, ದೂರು ಕೊಟ್ಟವರು ಯಾರೆಂದು ಅವರಿಗೆ ತಿಳಿಸಬೇಡಿ. ಮಗುವಿನ ಗುರುತು ಎಲ್ಲೂ ಹೊರಬೀಳಬಾರದು, ಪೋಕ್ಸೊ ಕಾಯ್ದೆಯ 23ನೇ ಕಲಮು ಮಾಧ್ಯಮಗಳಿಗೆ ಶಾಲೆಯ ಮತ್ತು ಬಡಾವಣೆಯ ಹೆಸರನ್ನು ಹಾಕುವುದನ್ನೂ ನಿಷೇಧಿಸಿದೆ. ‘ಸ್ವಲ್ಪ ದಿನ ಮನೆಯಲ್ಲಿರಲಿ’ ಎಂದು ಮಗುವನ್ನೇ ದೂರ ಇಡುವ ಬುದ್ಧಿವಂತಿಕೆ ಬೇಡ. ಮಗು ಬರಲು ಇಷ್ಟಪಟ್ಟ ದಿನ ಬರಲಿ. ಅಲ್ಲಿಯವರೆಗೆ ಅದರ ಜೆರ್ಸಿಯ ನಂಬರನ್ನು ಬೇರೆಯವರಿಗೆ ಕೊಡದಿರಿ. ಬಂದ ದಿನ ಯಾರೂ ಏನನ್ನೂ ಕೇಳದೆ ಚೆಂಡು ಪಾಸ್ ಮಾಡುವಂತೆ ತಂಡದವರಿಗೆ ಮೊದಲೇ ಹೇಳಿಡಿರಿ.