ಹಳ್ಳಿಯ ಕೆರೆಯನ್ನು ಹಳ್ಳಿಯೇ ಮರಳಿ ನಡೆಸುವುದು ಹೇಗೆ?

ಕೆರೆಯ ಪುನಶ್ಚೇತನ ಎಂದೊಡನೆ ಹೆಚ್ಚಿನ ಊರುಗಳಲ್ಲಿ ಮೊದಲು ನೆನಪಾಗುವುದು ಜೆಸಿಬಿ. ಹಣ ಮಂಜೂರಾಗುತ್ತದೆ, ಬೇಸಿಗೆಯಲ್ಲಿ ಕೆರೆಯಂಗಳವನ್ನು ಅಗೆಯಲಾಗುತ್ತದೆ, ಏರಿಯ ಮೇಲೆ ನಾಮಫಲಕ ನಿಲ್ಲುತ್ತದೆ, ಕೆಲವೇ ಮಳೆಗಾಲಗಳಲ್ಲಿ ಅಂಗಳವೆಲ್ಲ ಮತ್ತೆ ಬಳ್ಳಾರಿ ಜಾಲಿಯ ಪೊದೆಯಾಗುತ್ತದೆ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಇವುಗಳಲ್ಲಿ ಹಳೆಯವು ಇಷ್ಟು ಕಾಲ ಬಾಳಿದ್ದು ಊರಿನ ಕಟ್ಟುಪಾಡಿನಿಂದ: ತೂಬು (ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು) ಯಾವಾಗ ಎತ್ತಬೇಕು, ಯಾವ ಗದ್ದೆಗೆ ಮೊದಲು ನೀರು, ಕಾಲುವೆಯ ಕಸ ತೆಗೆಯಲು ಯಾವ ಮನೆಯಿಂದ ಎಷ್ಟು ಆಳು ಎಂಬುದನ್ನು ಊರೇ ನಿರ್ಧರಿಸುತ್ತಿತ್ತು. ಆ ನಿರ್ಧಾರ ಊರಿನ ಕೈತಪ್ಪಿದ ಮೇಲೆ ಕೆರೆ ಯಾರದ್ದೂ ಅಲ್ಲದ ಜಾಗವಾಯಿತು. ಆದ್ದರಿಂದ ಮೊದಲು ಊರು ಕೂಡಿ ನಿರ್ಧರಿಸುವ ಅಭ್ಯಾಸ, ಆಮೇಲೆ ನೀರು ಬರುವ ದಾರಿ, ಹೂಳು ಅದರ ನಂತರ ಎಂಬ ಕ್ರಮದಲ್ಲಿ ಕೆಲಸ ಹಿಡಿಯುವುದು ಒಳ್ಳೆಯದು.

ದಾಖಲೆ ಮತ್ತು ನಡಿಗೆ

ಬೇಸಿಗೆ ಆರಂಭವಾಗುವ ಮೊದಲೇ ಎರಡು ಕೆಲಸಗಳನ್ನು ಮುಗಿಸಿಕೊಳ್ಳಬೇಕು. ಮೊದಲನೆಯದು ದಾಖಲೆ. ತಾಲ್ಲೂಕು ಸರ್ವೆ ಕಚೇರಿಯಿಂದ ಗ್ರಾಮ ನಕ್ಷೆಯನ್ನೂ ಕೆರೆಯ ಸರ್ವೆ ನಂಬರಿನ ಆಕಾರ್‌ಬಂದನ್ನೂ (ಜಮೀನಿನ ವಿಸ್ತೀರ್ಣ ನಮೂದಿಸಿರುವ ಸರ್ವೆ ದಾಖಲೆ) ಪಡೆಯಿರಿ. ಪಹಣಿಯನ್ನೂ ಜೊತೆಗಿಟ್ಟು ವಿಸ್ತೀರ್ಣ ತಾಳೆ ನೋಡಿ. ದಾಖಲೆ ಸಿಗುವುದು ತಡವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದೂ ಈ ಹಂತದಲ್ಲೇ ಸ್ಪಷ್ಟವಾಗಬೇಕು. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟುಳ್ಳ (ಅಚ್ಚುಕಟ್ಟು ಎಂದರೆ ಕೆರೆಯ ನೀರುಣ್ಣುವ ಭೂಮಿ) ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಅಧೀನದಲ್ಲಿರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಇದನ್ನು ತಿಳಿಯದೆ ಬರೆದ ಮನವಿಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತವೆ.

ಎರಡನೆಯದು ನಡಿಗೆ. ನಕ್ಷೆಯನ್ನು ಕೈಯಲ್ಲಿ ಹಿಡಿದು, ತೂಬು ನೋಡಿಕೊಂಡು ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ ಊರಿನ ಹಳೆಯ ನೀರುಗಂಟಿಯನ್ನೋ ಕುರಿ ಕಾಯುವ ಹಿರಿಯರನ್ನೋ ಮುಂದೆ ಮಾಡಿಕೊಂಡು, ಕೆರೆಯಿಂದ ಹೊರಟು ನೀರು ಹರಿದು ಬರುವ ದಿಕ್ಕಿಗೆ ಎದುರಾಗಿ ದಿಬ್ಬದವರೆಗೂ ನಡೆಯಬೇಕು. ನಕ್ಷೆ ತೋರಿಸದ ಸಂಗತಿಗಳು ಕಾಣುವುದು ಇಲ್ಲಿಯೇ. ರಸ್ತೆ ಮಾಡುವಾಗ ಹಾಕಿದ ಮೋರಿಯ ಕೊಳವೆ ಕಾಲುವೆಯ ತಳಕ್ಕಿಂತ ಮೊಳದಷ್ಟು ಎತ್ತರದಲ್ಲಿ ಕೂತಿರುತ್ತದೆ. ಮೊದಲ ಮಳೆಯ ನೀರು ಅಲ್ಲಿ ಮಡುಗಟ್ಟಿ ನಿಂತು, ಪಕ್ಕದ ಹೊಲವನ್ನು ಕೊಚ್ಚಿಕೊಂಡು ಬೇರೆ ಹಳ್ಳದತ್ತ ಹೊರಳುತ್ತದೆ. ಆ ಹೊಲದವರು ತಮ್ಮ ಬದುವನ್ನು ಏರಿಸುತ್ತಾರೆ, ಅಲ್ಲಿಗೆ ಕಾಲುವೆ ಮುಚ್ಚಿಹೋಗುತ್ತದೆ. ಅವರಿಗೆ ಕೆರೆಯ ಮೇಲೆ ಹಗೆಯೇನೂ ಇಲ್ಲ, ಬೆಳೆ ಉಳಿಸಿಕೊಂಡಿದ್ದಾರೆ ಅಷ್ಟೆ. ಇಂತಹ ಪ್ರತಿಯೊಂದು ತಡೆಯನ್ನೂ ನಕ್ಷೆಯ ಮೇಲೆ ಗುರುತಿಸಿ, ಫೋಟೊ ತೆಗೆದು, ಯಾರ ಜಮೀನು, ಯಾವಾಗಿನಿಂದ ಹೀಗಿದೆ ಎಂದು ಬರೆದುಕೊಳ್ಳಿ. ಮೇಲ್ಭಾಗದಲ್ಲಿ ನೀಲಗಿರಿ ತೋಪುಗಳಿದ್ದರೆ ಅವನ್ನೂ ದಾಖಲಿಸಿ. ರಾಜ್ಯದಲ್ಲಿ 2017ರಿಂದ ಹೊಸದಾಗಿ ನೀಲಗಿರಿ ಬೆಳೆಸುವುದಕ್ಕೆ ನಿಷೇಧವಿದೆ.

ಸಭೆಗೆ ತರುವುದು

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿದ್ದು, ಸಣ್ಣ ನೀರಾವರಿ ಮತ್ತು ಜಲಾನಯನ, ಸಾಮಾಜಿಕ ಅರಣ್ಯ, ಸಾಂಸ್ಕೃತಿಕ ಚಟುವಟಿಕೆ, ಸಮುದಾಯದ ಆಸ್ತಿಗಳ ನಿರ್ವಹಣೆ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಕೆರೆಯ ವಿಚಾರವನ್ನು ಪಂಚಾಯಿತಿಗೆ ಒಯ್ಯುವಾಗ ಅಂಜಿಕೆ ಬೇಡ. ಅದು ಪಂಚಾಯಿತಿಯದೇ ವಿಷಯ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆಯೂ ಗ್ರಾಮ ಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು.

ಗ್ರಾಮ ಸಭೆಗಿಂತ ಮೊದಲು ವಾರ್ಡ್ ಸಭೆಯಲ್ಲಿ ವಿಷಯವನ್ನು ಎತ್ತುವುದು ಲೇಸು. ದೊಡ್ಡ ಸಭೆಯಲ್ಲಿ ಮನೆ ಹಂಚಿಕೆಯ, ಪಿಂಚಣಿಯ ಗದ್ದಲದಲ್ಲಿ ಕೆರೆಯ ಮಾತು ಮುಳುಗಿಹೋಗುತ್ತದೆ. ವಾರ್ಡ್ ಸಭೆಯಲ್ಲಿ ಮೋರಿಯ ಪಕ್ಕದ ಹೊಲದವರನ್ನೇ ಕೂರಿಸಿಕೊಂಡು ಮಾತನಾಡಬಹುದು. ಲಿಖಿತ ಬೇಡಿಕೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಮೊದಲೇ ಕೊಟ್ಟು ಕಾರ್ಯಸೂಚಿಯಲ್ಲಿ ಸೇರಿಸಿರಿ, ನಿರ್ಣಯ ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಸಭೆ ಮುಗಿಯುವ ಮೊದಲೇ ಓದಿಸಿ, ನಕಲು ಪಡೆಯಿರಿ. ನಡಾವಳಿಗೆ ಏರದ ಒಮ್ಮತ ಮುಂದಿನ ಚುನಾವಣೆಯ ತನಕವೂ ಉಳಿಯುವುದಿಲ್ಲ.

ಸಭೆಯಲ್ಲಿ ಯಾರಿದ್ದಾರೆ ಎಂಬುದು ನಿರ್ಣಯದಷ್ಟೇ ಮುಖ್ಯ. ಅಚ್ಚುಕಟ್ಟಿನ ಜಮೀನುದಾರರು ಕರೆಯದಿದ್ದರೂ ಬರುತ್ತಾರೆ. ಆದರೆ ಕೆರೆ ಅವರೊಬ್ಬರದಲ್ಲ: ದನಕ್ಕೆ ನೀರು ಕುಡಿಸುವವರು, ಮೀನು ಹಿಡಿಯುವವರು, ಜೇಡಿ ಮಣ್ಣು ಒಯ್ಯುವ ಕುಂಬಾರರು, ಬಟ್ಟೆ ಒಗೆಯುವವರು, ಅಂಗಳದ ಅಂಚಿನಲ್ಲಿ ಸೊಪ್ಪು ಕೊಯ್ಯುವ ಹೆಂಗಸರು, ಭೂಮಿಯೇ ಇಲ್ಲದ ಮನೆಗಳವರು, ಎಲ್ಲರಿಗೂ ಅದರಲ್ಲಿ ಪಾಲಿದೆ. ಅವರ ಕೇರಿಗೇ ಹೋಗಿ, ಅವರಿಗೆ ಕೂಲಿ ತಪ್ಪದ ಹೊತ್ತಿನಲ್ಲಿ ಒಮ್ಮೆ ಕುಳಿತು ಮಾತನಾಡಿದ ಮೇಲೆಯೇ ಸಭೆಯ ದಿನವನ್ನು ಗೊತ್ತುಮಾಡಬೇಕು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಗ್ರಾಮ ಬಹುಮತದ ಎಣಿಕೆಯನ್ನು ಬಿಟ್ಟು ಸರ್ವಸಮ್ಮತಿಯಿಂದ ನಿರ್ಧರಿಸುವ ಪದ್ಧತಿಯನ್ನು ಕಟ್ಟಿಕೊಂಡಿತು. ಸಭೆಗೆ ಮುನ್ನ ವಿಷಯವನ್ನು ಕುಳಿತು ಅಭ್ಯಸಿಸುವ ಒಂದು ಗುಂಪು ಅಲ್ಲಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಆ ಊರು 2009ರಲ್ಲಿಯೇ ಸಾಮುದಾಯಿಕ ಅರಣ್ಯ ಹಕ್ಕು ಪಡೆಯಲು ಈ ತಯಾರಿಯ ಬಲವಿತ್ತು. ಒಪ್ಪದ ಒಬ್ಬರಿಗಾಗಿ ಇನ್ನೊಂದು ಸಭೆ ಕರೆಯುವುದು ನಿಧಾನದ ದಾರಿ, ನಿಜ. ಆದರೆ ಆ ಒಬ್ಬರೇ ರಾತ್ರಿ ತೂಬು ಎತ್ತುವವರಾದರೆ ಕಟ್ಟುಪಾಡು ಒಂದು ವಾರವೂ ನಿಲ್ಲುವುದಿಲ್ಲ.

ನಿರ್ಣಯದ ಮೂಲಕ ಕೆರೆ ಸಮಿತಿಯೊಂದನ್ನು ರಚಿಸಿಕೊಳ್ಳಿ. ಹಿಂದೆ ಕೆರೆಗಳ ಪುನಶ್ಚೇತನಕ್ಕೆಂದು ನಡೆದ ಜಲಸಂವರ್ಧನೆ ಯೋಜನೆಯ ಕಾಲದಲ್ಲಿ ನಿಮ್ಮಲ್ಲಿ ಕೆರೆ ಬಳಕೆದಾರರ ಸಂಘ ನೋಂದಣಿಯಾಗಿದ್ದರೆ, ಹೊಸತನ್ನು ಕಟ್ಟುವ ಬದಲು ಅದನ್ನೇ ನವೀಕರಿಸಬಹುದು.

ಒತ್ತುವರಿಯ ಪ್ರಶ್ನೆ ಬಂದೇ ಬರುತ್ತದೆ. ಕೆರೆ, ಗೋಮಾಳಗಳಂತಹ ಊರೊಟ್ಟಿನ ಜಾಗವನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2001ರ ಹಿಂಚ್‌ಲಾಲ್ ತಿವಾರಿ ಪ್ರಕರಣದಲ್ಲೂ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲೂ ಸ್ಪಷ್ಟವಾಗಿ ಹೇಳಿದೆ. ಮೊದಲು ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಿ ಭೂಮಾಪಕರಿಂದ ಅಳತೆ ಮಾಡಿಸಿ, ಊರವರೆಲ್ಲರ ಎದುರಿಗೆ ಗಡಿಕಲ್ಲು ನೆಡಿಸಿ. ಕಲ್ಲು ಕಣ್ಣೆದುರು ನಿಂತಾಗ ಎಷ್ಟೋ ಜನ ತಾವಾಗಿಯೇ ಬಿಟ್ಟುಕೊಡುತ್ತಾರೆ. ಅಂಗಳದ ಅಂಚಿನಲ್ಲಿ ಹತ್ತು ಗುಂಟೆ ಉತ್ತು ಬದುಕುವ ಬಡವರಿಗೂ ಎಕರೆಗಟ್ಟಲೆ ತೋಟ ಮಾಡಿಕೊಂಡವರಿಗೂ ಒಂದೇ ದಿನ ನೋಟಿಸು ಕೊಡಿಸುವುದು ಸಾಲದು; ದೊಡ್ಡವರದನ್ನು ಮೊದಲು ತೆರವು ಮಾಡಿಸಿದರೆ ಮಾತ್ರ ಊರು ನಿಮ್ಮನ್ನು ನಂಬುತ್ತದೆ.

ಕಾಲುವೆ, ಹೂಳು, ಏರಿ

ಹೂಳಿಗಿಂತ ಮೊದಲು ಕಾಲುವೆ. ನೀರೇ ಬಾರದ ಕೆರೆಯನ್ನು ಎಷ್ಟು ಆಳ ಮಾಡಿದರೂ ಫಲವಿಲ್ಲ. ಮೋರಿ ಸರಿಪಡಿಸುವುದು, ಕಾಲುವೆಯ ಜಾಲಿ ಕಡಿಯುವುದು, ಮೇಲಿನ ಕೆರೆಯ ಕೋಡಿಯಿಂದ (ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹರಿಯುವ ಜಾಗ) ನಿಮ್ಮ ಕೆರೆಯವರೆಗಿನ ಹಳ್ಳವನ್ನು ಬಿಡಿಸುವುದು, ಇವನ್ನು ಉದ್ಯೋಗ ಖಾತರಿಯ ಕ್ರಿಯಾಯೋಜನೆಯಲ್ಲಿ ಸೇರಿಸಿದರೆ ಊರಿನವರಿಗೇ ಕೂಲಿಯೂ ಸಿಗುತ್ತದೆ. ಬಳ್ಳಾರಿ ಜಾಲಿಯನ್ನು ಬುಡದಲ್ಲಿ ಕಡಿದರೆ ಮತ್ತೆ ಚಿಗುರುತ್ತದೆ, ಆದ್ದರಿಂದ ಬೇರುಸಹಿತ ಕೀಳಬೇಕು.

ಹೂಳು ತೆಗೆಯುವಾಗ ಕೆರೆಯನ್ನು ಬಾಣಲೆಯ ಹಾಗೆ ಕೊರೆಯಬಾರದು. ಏರಿಯ ಬುಡಕ್ಕೆ ಹತ್ತಿರ ಅಗೆದರೆ ಏರಿ ಕುಸಿಯುತ್ತದೆ. ತಳದ ಜೇಡಿ ಪದರವನ್ನು ಕಿತ್ತರೆ ನೀರು ನಿಲ್ಲುವುದಿಲ್ಲ. ಮೇಲಿನ ಮೆತ್ತನೆಯ ಹೂಳನ್ನಷ್ಟೇ ತೆಗೆದು, ಅಂಚುಗಳನ್ನು ಇಳಿಜಾರಾಗಿ ಬಿಡಬೇಕು. ದನಗಳು ಇಳಿದು ನೀರು ಕುಡಿಯುವುದೂ ನೀರುಹಕ್ಕಿಗಳು ಮೇಯುವುದೂ ಆ ಇಳಿಜಾರಿನಲ್ಲಿಯೇ. ಹೂಳನ್ನು ಹೊಲಕ್ಕೆ ಒಯ್ಯುವವರು ಸಾಗಾಟದ ಖರ್ಚನ್ನು ತಾವೇ ಭರಿಸಲಿ, ಆದರೆ ಸಣ್ಣ ಹಿಡುವಳಿಯವರ ಸರದಿ ಮೊದಲು ಬರಲಿ. ಇವೆಲ್ಲವೂ ಭರಣಿ, ಕೃತ್ತಿಕೆ ಮಳೆಗಳಿಗೆ ಮುಂಚೆ ಮುಗಿಯಬೇಕು.

ಏರಿಯ ಮೇಲೆ ದೊಡ್ಡ ಮರ ನೆಡಬೇಡಿ. ಮರ ಸತ್ತ ಮೇಲೆ ಅದರ ಬೇರು ಕೊಳೆತು, ಆ ಜಾಡಿನಲ್ಲೇ ನೀರು ಜಿನುಗಲು ಶುರುವಾಗುತ್ತದೆ. ಏರಿಯ ಇಳಿಜಾರಿಗೆ ಗರಿಕೆ, ಲಾವಂಚ ಸಾಕು. ಹೊಂಗೆ, ನೇರಳೆ, ಹೊಳೆಮತ್ತಿಗಳು ಕಾಲುವೆಯ ಬದಿಗೂ ಅಂಗಳದ ಮೇಲಂಚಿಗೂ ಇರಲಿ.

ನೀರಿನ ಪಾಲು

ಈ ಕೆಲಸದ ತಿರುಳು ಇಲ್ಲಿದೆ, ಹೆಚ್ಚಿನ ಪುನಶ್ಚೇತನಗಳು ಬಿಟ್ಟುಬಿಡುವುದೂ ಇದನ್ನೇ. ಕೆರೆ ತುಂಬುವ ಮೊದಲೇ, ಯಾರಿಗೂ ಇನ್ನೂ ಲಾಭನಷ್ಟದ ಲೆಕ್ಕ ಸಿಗದಿರುವಾಗ, ಪಾಲಿನ ನಿಯಮವನ್ನು ಬರೆಯಬೇಕು. ತೂಬಿನ ಕಲ್ಲುಕಂಬದ ಮೇಲೆ ಮೂರು ಗೆರೆಗಳನ್ನು ಕೊರೆಸಿ. ನೀರು ಮೇಲಿನ ಗೆರೆ ಮುಟ್ಟಿದರೆ ಭತ್ತ. ನಡುವಿನ ಗೆರೆಯಾದರೆ ರಾಗಿಯಂತಹ ಅರೆನೀರಾವರಿ ಬೆಳೆ. ಕೆಳಗಿನ ಗೆರೆಗೆ ಇಳಿದರೆ ತೂಬು ಮುಚ್ಚಿ, ಉಳಿದ ನೀರು ದನಕರುಗಳಿಗೆ, ಮೀನಿಗೆ, ಸುತ್ತಲಿನ ಬಾವಿಗಳ ಒರತೆಗೆ. ಗೆರೆ ಎಲ್ಲಿರಬೇಕು ಎಂಬುದು ಪ್ರತಿ ಕೆರೆಗೂ ಬೇರೆ. ಹಳೆಯ ನೀರುಗಂಟಿಗಳ ಅನುಭವವೇ ಇದಕ್ಕೆ ಒಳ್ಳೆಯ ಆಧಾರ.

ಕಡಿಮೆ ನೀರಿನ ವರ್ಷಕ್ಕೆ ಬಯಲುಸೀಮೆಯ ಕೆಲವು ಕೆರೆಗಳಲ್ಲಿ ದಾಮಾಷಾ ಎಂಬ ಪದ್ಧತಿಯಿತ್ತು. ತೂಬಿಗೆ ಹತ್ತಿರದ ಒಂದಷ್ಟು ಭೂಮಿಯನ್ನು ಮಾತ್ರ ಆ ವರ್ಷ ಬೆಳೆಗೆ ಆರಿಸಿ, ಅಚ್ಚುಕಟ್ಟಿನಲ್ಲಿ ಯಾರ ಹಿಡುವಳಿ ಎಷ್ಟಿದೆಯೋ ಆ ಪ್ರಮಾಣದಲ್ಲಿ ಎಲ್ಲರಿಗೂ ಅಲ್ಲಿಯೇ ಪಾಲು ಹಾಕುತ್ತಿದ್ದರು. ಕೊನೆಯ ಗದ್ದೆಯವರೂ ಆ ವರ್ಷ ಒಂದಿಷ್ಟು ಬೆಳೆಯುತ್ತಿದ್ದರು, ನೀರು ದೂರ ಹರಿದು ಇಂಗಿ ಹಾಳಾಗುವುದೂ ತಪ್ಪುತ್ತಿತ್ತು. ಇದನ್ನು ಇದ್ದಂತೆಯೇ ಮರಳಿ ತರಲಾಗದಿದ್ದರೂ ಕೊನೆಯ ಗದ್ದೆಯಿಂದ ಮೊದಲ ಗದ್ದೆಗೆ ನೀರು ಬಿಡುತ್ತ ಬರುವ ಸರದಿಯನ್ನಾದರೂ ಒಪ್ಪಿಸಬಹುದು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಕೆರೆ ಶಾಸನ ಕೆರೆಯ ದೋಷಗಳನ್ನು ಪಟ್ಟಿ ಮಾಡುವಾಗ, ನೀರು ಕಡಿಮೆಯಿದ್ದು ಭೂಮಿ ಹೆಚ್ಚಾಗುವುದನ್ನೂ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದನ್ನೂ ಹೆಸರಿಸುತ್ತದೆ. ನಿಮ್ಮ ಕೆರೆ ಎರಡು ಪಂಚಾಯಿತಿಗಳ ಗಡಿಯಲ್ಲಿದ್ದರೆ ಪಾಲಿನ ನಿಯಮವನ್ನು ಎರಡೂ ಗ್ರಾಮ ಸಭೆಗಳಲ್ಲಿ ಒಂದೇ ಒಕ್ಕಣೆಯಲ್ಲಿ ಅಂಗೀಕರಿಸಬೇಕು.

ಕೊಳವೆಬಾವಿಗಳನ್ನು ಹೊರಗಿಟ್ಟು ಕೆರೆಯ ನೀರಿಗಷ್ಟೇ ನಿಯಮ ಮಾಡಿದರೆ ಅದು ಅರ್ಧ ನಿಯಮ. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮ ಪ್ರತಿವರ್ಷ ಬಿದ್ದ ಮಳೆಯನ್ನು ಅಳೆದು, ಗ್ರಾಮ ಸಭೆಯಲ್ಲಿ ನೀರಿನ ಆಯವ್ಯಯ ಮಂಡಿಸಿ, ಆ ವರ್ಷ ಯಾವ ಬೆಳೆ ಎಂದು ನಿರ್ಧರಿಸುತ್ತದೆ. ಕೃಷಿಗೆ ಕೊಳವೆಬಾವಿ ಕೊರೆಸುವುದನ್ನೂ ಕಬ್ಬು ಬೆಳೆಯುವುದನ್ನೂ ತಾನೇ ತಡೆದುಕೊಂಡಿತು.

ನಿಯಮವನ್ನು ನಡೆಸಲು ನೀರುಗಂಟಿ ಬೇಕು. ಹಿಂದೆ ಈ ಕೆಲಸ ಅನೇಕ ಊರುಗಳಲ್ಲಿ ದಲಿತ ಮನೆತನಗಳಿಗೆ ವಂಶಪಾರಂಪರ್ಯವಾಗಿ ಅಂಟಿಕೊಂಡಿತ್ತು, ಸಂಬಳವೆಂದರೆ ಸುಗ್ಗಿಯ ಕಣದಲ್ಲಿ ಕೊಟ್ಟ ಕಾಳು. ತೂಬಿನ ಮೇಲೆ ಅವರಿಗಿದ್ದ ಅಧಿಕಾರವನ್ನು ಉಳಿಸಿಕೊಳ್ಳೋಣ, ಅದರ ಸುತ್ತಲಿದ್ದ ಅಸಮಾನತೆಯನ್ನು ಬಿಡೋಣ. ನೀರುಗಂಟಿಯನ್ನು ಸಭೆ ಆರಿಸಲಿ, ಯಾವ ಜಾತಿಯವರೂ ಗಂಡಸಾಗಲಿ ಹೆಂಗಸಾಗಲಿ ಆಗಬಹುದೆಂದಿರಲಿ, ಗೌರವಧನವನ್ನು ತಿಂಗಳು ತಿಂಗಳು ಸಮಿತಿಯ ಖಾತೆಯಿಂದ ಕೊಡಲಿ. ತೂಬಿನ ಕೀಲಿ ಅವರೊಬ್ಬರ ಬಳಿಯೇ ಇರಲಿ. ಅಧ್ಯಕ್ಷರೇ ಕೇಳಿದರೂ ಸರದಿ ಮೀರಿ ಕೊಡದಿರುವ ಹಕ್ಕು ಅವರಿಗಿದೆ ಎಂದು ನಡಾವಳಿಯಲ್ಲಿ ಬರೆಯಿರಿ.

ಹಬ್ಬ ಮತ್ತು ದಾಖಲಾತಿ

ಕೋಡಿ ಬಿದ್ದ ಮೇಲೆ ಗಂಗಮ್ಮನ ಪೂಜೆ ಮಾಡಿ ಬಾಗಿನ ಅರ್ಪಿಸುವ ವಾಡಿಕೆ ಹಲವೆಡೆ ಈಗ ಜನಪ್ರತಿನಿಧಿಗಳ ಕಾರ್ಯಕ್ರಮವಾಗಿದೆ. ಅದನ್ನು ಊರಿಗೆ ಮರಳಿಸಲು ಒಳ್ಳೆಯ ಉಪಾಯವೆಂದರೆ ಪೂಜೆಯನ್ನು ದುಡಿಮೆಯ ಜೊತೆ ಬೆಸೆಯುವುದು: ಮಳೆಗಾಲಕ್ಕೆ ಮುಂಚೆ ಮನೆಗೊಬ್ಬರಂತೆ ಬಂದು ಕಾಲುವೆ ಶುಚಿ ಮಾಡುವ ದಿನವೇ ಮೊದಲ ಪೂಜೆ, ಕೋಡಿ ಬಿದ್ದ ದಿನ ಎರಡನೆಯದು. ಸೋಬಾನೆ ಹಾಡುವ ಅಜ್ಜಿಯರನ್ನು ಕರೆದು ಹಾಡಿಸಿ, ಶಾಲೆಯ ಮಕ್ಕಳಿಂದ ಆ ಪದಗಳನ್ನೂ ಮಳೆಯ ಗಾದೆಗಳನ್ನೂ ಬರೆಸಿಡಿ. ಬಾಗಿನದ ಮೊರ ಬಿದಿರಿನದಿರಲಿ, ಪ್ಲಾಸ್ಟಿಕ್ ನೀರಿಗಿಳಿಯದಿರಲಿ. ಎಲ್ಲ ಕೇರಿಯವರೂ ಒಂದೇ ಮೆಟ್ಟಿಲಿನಿಂದ ಇಳಿದು ನೀರು ಮುಟ್ಟುವ ಹಬ್ಬವಾಗದಿದ್ದರೆ ಅದನ್ನು ಮಾಡದಿರುವುದೇ ಮೇಲು.

ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಹೆಚ್ಚಿನ ಕಡೆ ಸಮಿತಿ ಕಾಗದದ ಮೇಲಿರುತ್ತದೆ. ಸದಸ್ಯರು ಯಾರೆಂದು ಕೇಳಿ, ಕೆರೆಯ ಹಕ್ಕಿ, ಮೀನು, ಸೊಪ್ಪು, ನಾಟಿ ತಳಿಗಳನ್ನು ಊರಿನ ಹೆಸರುಗಳಲ್ಲಿಯೇ ಅದರಲ್ಲಿ ಬರೆಸಿ. ಮೀನು ಸಾಕಣೆಯ ಹರಾಜಿನಲ್ಲಿ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಬಿಡಬಾರದೆಂಬ ಷರತ್ತು ಇರಲಿ, ಏಕೆಂದರೆ ಅದು ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತದೆ.

ಮೀನಿನ ಹರಾಜು, ಮನೆಗಳ ವಂತಿಗೆ ಇವುಗಳಿಂದ ಬಂದ ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಲಿ, ಇಬ್ಬರ ಸಹಿಯಿಲ್ಲದೆ ತೆಗೆಯುವಂತಿಲ್ಲ ಎಂದಿರಲಿ, ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲಿ. ಸಮಿತಿಯ ಮೂರನೆಯ ಒಂದು ಭಾಗ ಪ್ರತಿವರ್ಷ ಬದಲಾಗುವಂತೆ ನಿಯಮ ಮಾಡಿದರೆ ಅನುಭವವೂ ಉಳಿಯುತ್ತದೆ, ಹಿಡಿತವೂ ಒಬ್ಬರ ಕೈಯಲ್ಲಿ ಗಟ್ಟಿಯಾಗುವುದಿಲ್ಲ. ನೀರುಗಂಟಿಯ ದಿನಚರಿ ಪುಸ್ತಕವನ್ನೂ ಖಾತೆಯ ಪಾಸ್‌ಪುಸ್ತಕವನ್ನೂ ಪ್ರತಿ ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಆಕ್ಷೇಪಗಳನ್ನು ಅಲ್ಲಿಯೇ ಬರೆದುಕೊಂಡು, ಉತ್ತರ ಕೊಡುವ ದಿನವನ್ನು ಸಭೆ ಏಳುವ ಮೊದಲೇ ಗೊತ್ತುಮಾಡಿ.