ತೊಟ್ಟಿಗೆ ಮೀನು ಬಿಟ್ಟೆ, ಅಡಿಕೆ ಹಾಳೆಗೆ ಏನು ಬಿಡಲಿ?

ತೀರ್ಥಹಳ್ಳಿ ಸುತ್ತಮುತ್ತಲ ಅಡಿಕೆ ತೋಟದ ಮನೆಗಳಲ್ಲಿ ನೀರಿಗೇನೂ ಬರವಿಲ್ಲ. ಕೊಟ್ಟಿಗೆಯ ಬಾನಿ, ಬಚ್ಚಲ ಹಿಂದಿನ ಸಿಮೆಂಟ್ ತೊಟ್ಟಿ, ಮದ್ದು ಕಲಸುವ ಡ್ರಮ್ಮು, ಯಾರೂ ರುಬ್ಬದ ಹಳೇ ಒರಳು. ಮಳೆಗಾಲದಲ್ಲಿ ಎಲ್ಲವೂ ತುಂಬಿಯೇ ಇರುತ್ತವೆ. ಡೆಂಗಿ ಅಂದರೆ ಪೇಟೆಯವರ ಜ್ವರ ಅನ್ನೋ ನಂಬಿಕೆ ನಮ್ಮಲ್ಲಿ ಬಹಳ ಕಾಲ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಅಂದಾಗಲೂ ನಮ್ಮ ಕೇರಿಯಲ್ಲಿ ತಮಾಷೆ ಮಾಡಿದವರೇ ಜಾಸ್ತಿ. "ಹಂಗಾದ್ರೆ ಆಗುಂಬೆ ಮಳೆಗೂ ದಂಡ ಹಾಕ್ತಾರಾ?" ಅಂದರು. ಅದೇ ಕೇರಿಯಲ್ಲಿ ಮನೆಯಿಂದ ಮನೆಗೆ ಜ್ವರ ಹತ್ತಿದ ಮೇಲೆ ತಮಾಷೆ ನಿಂತಿತು. ನಾನು ಮೀನು ಹುಡುಕಲು ಹೊರಟೆ.

ಮೀನು ಸಿಗುವುದು ಕಷ್ಟವೇನಲ್ಲ. ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲು ಎರಡು ಜಾತಿ ಕೊಡುತ್ತಾರೆ, ಗಪ್ಪಿ ಮತ್ತು ಗ್ಯಾಂಬೂಸಿಯಾ. ಎರಡೂ ನಮ್ಮ ನೆಲದವಲ್ಲ. ಗಪ್ಪಿ ದಕ್ಷಿಣ ಅಮೆರಿಕದ್ದು. ಗ್ಯಾಂಬೂಸಿಯಾ ಉತ್ತರ ಅಮೆರಿಕದ್ದು, 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂತು. ಎರಡೂ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತವೆ. ಹೆಚ್ಚುಕಮ್ಮಿ ತಿಂಗಳಿಗೊಂದು ಸೂಲು. ಅದಕ್ಕೇ ಒಮ್ಮೆ ಬಿಟ್ಟರೆ ಸಂಖ್ಯೆಯ ಚಿಂತೆ ಇರುವುದಿಲ್ಲ. ಬೆಳೆದ ಗಪ್ಪಿ ದಿನಕ್ಕೆ 80ರಿಂದ 100 ಸೊಳ್ಳೆ ಮರಿ ನುಂಗುತ್ತದೆ ಅನ್ನುತ್ತಾರೆ. ಗ್ಯಾಂಬೂಸಿಯಾ ಇನ್ನೂ ಹೊಟ್ಟೆಬಾಕ.

ನಾನು ತಂದದ್ದು ಗಪ್ಪಿ ಮಾತ್ರ. ಗ್ಯಾಂಬೂಸಿಯಾಕ್ಕೆ ಸೊಳ್ಳೆ ಮರಿ, ಕಪ್ಪೆಯ ಗೊದಮೊಟ್ಟೆ, ಬೇರೆ ಮೀನಿನ ಮೊಟ್ಟೆ ಅನ್ನೋ ಭೇದವಿಲ್ಲ. ನಮ್ಮ ತೊಟ್ಟಿ ಉಕ್ಕಿದರೆ ನೀರು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಎಷ್ಟೋ ಮೀನು, ಕಪ್ಪೆಗಳು ಈ ಹಳ್ಳಗಳಲ್ಲಿವೆ. ಅದರ ಮಧ್ಯೆ ಇದನ್ನು ಬಿಡುವ ಧೈರ್ಯ ನನಗಿಲ್ಲ. ಗಪ್ಪಿಯೂ ಪೂರ್ತಿ ಸಾಧು ಅಲ್ಲ. ಅದಕ್ಕೇ ತೊಟ್ಟಿಯ ಉಕ್ಕು ಕೊಳವೆಗೆ ಸಣ್ಣ ಕಣ್ಣಿನ ನೈಲಾನ್ ಜಾಳಿಗೆ ಕಟ್ಟಿದ್ದೇನೆ.

ತೋಟದ ಕೆಳಗಿನ ಕೃಷಿ ಹೊಂಡಕ್ಕೆ ಗಪ್ಪಿಯೂ ಬೇಡ ಅನ್ನಿಸಿತು. ಅಲ್ಲಿಗೆ ನಮ್ಮ ಗದ್ದೆ ಕಾಲುವೆಯ ಮೀನೇ ಸಾಕು. ನೀವೂ ನೋಡಿರುತ್ತೀರಿ: ಬೆರಳುದ್ದದ ಮೀನು, ನೀರಿನ ಮೇಲ್ಮೈಗೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ. ನೆತ್ತಿಯ ಮೇಲೆ ಹೊಳೆಯುವ ಚುಕ್ಕಿ, ಮೈ ಮೇಲೆ ಅಡ್ಡ ಪಟ್ಟೆ, ಮೇಲಕ್ಕೆ ತೆರೆದ ಬಾಯಿ. ಅಕ್ವೇರಿಯಂನವರು ಇದನ್ನು ಪಂಚಾಕ್ಸ್ ಅನ್ನುತ್ತಾರೆ. ಉಸಿರಾಡಲು ಮೇಲೆ ಬರುವ ಸೊಳ್ಳೆ ಮರಿ ನೇರ ಇದರ ಬಾಯಿಗೇ ಹೋಗುತ್ತದೆ. ಬೈರಾಸು ಹಿಡಿದು ಇಬ್ಬರು ಕಾಲುವೆಗೆ ಇಳಿದರೆ ಸುಲಭವಾಗಿ ಸಿಗುತ್ತದೆ. ಇದು ಮೊಟ್ಟೆಯನ್ನು ನೀರಗಿಡಕ್ಕೆ ಅಂಟಿಸುವ ಜಾತಿ, ಹಾಗಾಗಿ ಹೊಂಡದ ಒಂದು ಮೂಲೆಯಲ್ಲಿ ಜೊಂಡು ಉಳಿಸಿದೆ. ನೆಗೆಯುವ ಚಟ ಬಹಳ. ಸಣ್ಣ ತೊಟ್ಟಿಗೆ ಬಿಟ್ಟರೆ ಬೆಳಗ್ಗೆ ಅಂಗಳದಲ್ಲಿ ಬಿದ್ದಿರುತ್ತದೆ, ಮೇಲೆ ಬಲೆ ಬೇಕೇ ಬೇಕು.

ಬಚ್ಚಲ ತೊಟ್ಟಿಗೆ ಮೀನು ಅಂದಾಗ ಮನೆಯಲ್ಲಿ ಸ್ವಲ್ಪ ರಗಳೆ ಆಯಿತು. ನಮ್ಮದು ಮೀನು ತಿನ್ನದ ಮನೆ. "ಅದೇ ನೀರಲ್ಲಿ ಕೈಕಾಲು ತೊಳ್ಕೊಂಡು ದೇವರ ಕೋಣೆಗೆ ಹೋಗೋದಾ?" ಅಂತ ಚಿಕ್ಕಮ್ಮ ಕೇಳಿದರು. "ಚಿಬ್ಬಲಗುಡ್ಡೆ ದೇವಸ್ಥಾನದ ಹತ್ರ ಮೀನಿಗೆ ಮಂಡಕ್ಕಿ ಹಾಕಿ ಅದೇ ಹೊಳೆ ನೀರು ತಲೆಗೆ ಹಾಕ್ಕೊಳ್ಳಲ್ವಾ ಚಿಕ್ಕಮ್ಮ?" ಅಂದೆ. ಸುಮ್ಮನಾದರು. ಈಗ ಗಪ್ಪಿಗೆ ಅನ್ನದ ಅಗುಳು ಹಾಕುವವರೂ ಅವರೇ. ಹಾಕಬೇಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಹೊಟ್ಟೆ ತುಂಬಿದ ಮೀನು ಸೊಳ್ಳೆ ಮರಿಯ ಹಿಂದೆ ಓಡಲ್ಲ, ನೀರೂ ಹಳಸುತ್ತದೆ.

ಗಪ್ಪಿಗೆ ಬೇರೆ ಆರೈಕೆ ಬೇಡ. ಆದರೆ ಎರಡು ವಿಷ ಇವೆ. ಒಂದು ಬ್ಲೀಚಿಂಗ್ ಪೌಡರ್. ತೊಟ್ಟಿ ತೊಳೆದು ಪೌಡರ್ ಹಾಕಿದರೆ ಮೀನನ್ನು ಒಂದೆರಡು ದಿನ ಬಕೆಟ್‌ನಲ್ಲೇ ಇಡಬೇಕು. ಇನ್ನೊಂದು ಬೋರ್ಡೋ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಈ ಮದ್ದಿನಲ್ಲಿ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಇರುತ್ತದೆ. ಮೈಲುತುತ್ತದ ತಾಮ್ರವನ್ನು ಮೀನು ತಡೆಯುವುದಿಲ್ಲ. ಮದ್ದು ಹೊಡೆಯುವ ದಿನ ತೊಟ್ಟಿಗೆ ಟಾರ್ಪಾಲು ಹೊದಿಸುತ್ತೇನೆ. ಡ್ರಮ್ಮು ತೊಳೆದ ನೀರನ್ನು ಹೊಂಡದ ಕಡೆ ಚೆಲ್ಲಬೇಡಿ ಅಂತ ಮದ್ದು ಹೊಡೆಯುವ ಕೊನೆಗೌಡನಿಗೆ ಪ್ರತಿ ವರ್ಷ ಹೇಳಿಯೇ ಮರ ಹತ್ತಿಸುವುದು.

ಇಷ್ಟಾದರೂ ಹಗಲು ಕಚ್ಚುವ ಪಟ್ಟೆ ಸೊಳ್ಳೆ ಕಡಿಮೆ ಆಗಲಿಲ್ಲ. ತೊಟ್ಟಿಯ ನೀರು ಗಾಜಿನ ಲೋಟಕ್ಕೆ ಹಿಡಿದು ನೋಡಿದರೆ ಒಂದೇ ಒಂದು ಹುಳ ಇಲ್ಲ. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯೇ ಸರಿಯಾದ ಪ್ರಶ್ನೆ ಕೇಳಿದರು. "ಅಣ್ಣ, ತೊಟ್ಟಿ ಎಲ್ಲಾ ನೋಡಿದ್ದಾಯ್ತು. ತೋಟ ಯಾರು ನೋಡೋರು?"

ಮೀನಿನ ಯಶಸ್ಸಿನ ಕಥೆಗಳು ಹೆಚ್ಚಾಗಿ ಮಲೇರಿಯಾದವು. ಕೋಲಾರದ ಕಡೆ ಹಳ್ಳಿಗಳಲ್ಲಿ ಬಾವಿಗಳಿಗೆ ಈ ಮೀನು ಬಿಟ್ಟು ಮಲೇರಿಯಾ ತಗ್ಗಿಸಿದ್ದಾರೆ. ಅಲ್ಲಿನ ಮಲೇರಿಯಾ ಸೊಳ್ಳೆ ಬಾವಿಯಲ್ಲೇ ಹುಟ್ಟುತ್ತಿತ್ತು, ಮೀನೂ ಬಾವಿಯಲ್ಲಿ ಬದುಕಿತು, ಕೆಲಸ ಆಯಿತು. ಡೆಂಗಿ ತರುವ ಈಡಿಸ್ ಹಾಗಲ್ಲ. ಅದಕ್ಕೆ ಒಂದು ಲೋಟ ನೀರು ಸಾಕು. ನಮ್ಮ ತೋಟಗಳಲ್ಲಿ ಆ ಲೋಟ ಯಾವುದು ಅಂದರೆ, ಬಿದ್ದ ಅಡಿಕೆ ಹಾಳೆ, ಸೋಗೆಯ ಬುಡದಲ್ಲಿರುವ ಅಗಲ ಹೊದಿಕೆ.

ಲೆಕ್ಕ ಹಾಕಿ ನೋಡಿ. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಎಕರೆಗೆ ಸುಮಾರು 550 ಮರ. ಅಲ್ಲಿಗೆ ಎಕರೆಗೆ ಮೂರು ಸಾವಿರ ಹಾಳೆ. ಬೇಸಿಗೆಯಲ್ಲಿ ಬಿದ್ದದ್ದನ್ನು ತಟ್ಟೆ ಮಾಡುವವರು ಒಯ್ಯುತ್ತಾರೆ. ಮಳೆಗಾಲದ ಹಾಳೆ ಬೂಸ್ಟು ಹಿಡಿಯುತ್ತದೆ, ಯಾರಿಗೂ ಬೇಡ. ಅಂಗಾತ ಬಿದ್ದರೆ ದೋಣಿಯಂತೆ ನೀರು ತುಂಬಿಕೊಂಡು ಮಲಗಿರುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಹೆಚ್ಚುಕಮ್ಮಿ ಏಳರಿಂದ ಹತ್ತು ದಿನ ಸಾಕು. ಇದಕ್ಕೆ ಯಾವ ಮೀನು ಬಿಡುತ್ತೀರಿ?

ಇಡೀ ತೋಟದ ಹಾಳೆಯನ್ನು ವಾರಕ್ಕೊಮ್ಮೆ ಹೆಕ್ಕುವುದು ಆಗದ ಮಾತು, ಆಳು ಎಲ್ಲಿದ್ದಾರೆ? ಆದರೆ ಈಡಿಸ್ ಬಹಳ ದೂರ ಹಾರುವ ಸೊಳ್ಳೆ ಅಲ್ಲ, ಹುಟ್ಟಿದ ಜಾಗದ ಒಂದಿನ್ನೂರು ಮೀಟರ್ ಆಚೀಚೆಯೇ ಅದರ ಸಂಸಾರ. ಹಾಗಾಗಿ ಮನೆ, ಕೊಟ್ಟಿಗೆ, ಅಡಿಕೆ ಸುಲಿಯುವ ಚಪ್ಪರದ ಸುತ್ತಲಿನ ಸಾಲುಗಳಿಗೆ ಮಾತ್ರ ಗಮನ ಕೊಟ್ಟೆ. ಪ್ರತಿ ಶನಿವಾರ ಕತ್ತಿ ಹಿಡಿದು ಒಂದು ಸುತ್ತು. ಎಳೆ ಹಾಳೆ ದನಕ್ಕೆ. ಉಳಿದದ್ದಕ್ಕೆ ಉದ್ದಕ್ಕೆ ಒಂದು ಸೀಳು ಹಾಕಿ ಬೋರಲು ಮಗುಚಿ ಮರದ ಬುಡಕ್ಕೆ. ಸೀಳಿದ ಹಾಳೆ ಮತ್ತೆ ಅಂಗಾತ ಆದರೂ ನೀರು ನಿಲ್ಲಲ್ಲ, ಬೇಗ ಗೊಬ್ಬರವೂ ಆಗುತ್ತದೆ. ಕಡಿದ ಬಿದಿರಿನ ಕೂಳೆಗೆ ಮಣ್ಣು ತುಂಬಿದೆ. ನಾಯಿಯ ನೀರಿನ ತಟ್ಟೆ, ಒರಳು, ಬಾನಿ ಎಲ್ಲಾ ಅದೇ ಸುತ್ತಿನಲ್ಲಿ ಖಾಲಿ. ಖಾಲಿ ಮಾಡಿದರೆ ಸಾಲದು, ತೆಂಗಿನ ನಾರಿನಿಂದ ಗೋಡೆ ತಿಕ್ಕಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನ ಒದ್ದೆ ಗೋಡೆಗೆ. ಅದು ಒಣಗಿಯೂ ತಿಂಗಳುಗಟ್ಟಲೆ ಕಾಯುತ್ತದೆ, ನೀರು ಮುಟ್ಟಿದ ಕೂಡಲೇ ಒಡೆಯುತ್ತದೆ.

ಮೀನೂ ಆಗದ, ಮಗುಚಲೂ ಆಗದ ಜಾಗಗಳಿಗೆ ಬಿಟಿಐ ಬಳಸುತ್ತೇನೆ. ನಮ್ಮಲ್ಲಿ ಅಂಥವು ಎರಡು: ದೊಡ್ಡ ಹಲಸಿನ ಮರದ ಪೊಟರೆ, ಗೋಬರ್ ಗ್ಯಾಸ್ ಗುಂಡಿಯ ಪಕ್ಕದ ಹೊಂಡ. ಬಿಟಿಐ ಒಂದು ಬ್ಯಾಕ್ಟೀರಿಯಾ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಸೊಳ್ಳೆ ಮರಿ ಇದನ್ನು ತಿಂದರೆ ಅದರ ಕ್ಷಾರದ ಹೊಟ್ಟೆಯಲ್ಲಿ ವಿಷ ಬಿಚ್ಚಿಕೊಂಡು ಕರುಳು ಒಡೆಯುತ್ತದೆ. ಮೀನಿಗೆ, ಜೇನಿಗೆ, ದನಕ್ಕೆ ತೊಂದರೆ ಇಲ್ಲ. ಪ್ರಮಾಣ ಪೊಟ್ಟಣದ ಮೇಲೆ ಇದ್ದಷ್ಟೇ. ಒಂದು ಮಾತು ನೆನಪಿರಲಿ, ಮರಿ ಬೆಳೆದು ಕೋಶವಾದ ಮೇಲೆ, ಅಂದರೆ ರೆಕ್ಕೆ ಬರುವ ಮುಂಚಿನ ಹಂತದಲ್ಲಿ, ಏನನ್ನೂ ತಿನ್ನಲ್ಲ, ಆಗ ಇದು ಹಾಕಿ ಪ್ರಯೋಜನವಿಲ್ಲ. ಗೊಬ್ಬರದ ನೀರಿನಲ್ಲಿ ಇದರ ಶಕ್ತಿ ಬೇಗ ಇಳಿಯುತ್ತದೆ, ಹಾಗಾಗಿ ಆ ಹೊಂಡಕ್ಕೆ ಪದೇ ಪದೇ ಹಾಕಬೇಕು. ಸೀಮೆಎಣ್ಣೆ, ಸುಟ್ಟ ಆಯಿಲ್ ಸುರಿಯುವುದನ್ನು ಬಿಟ್ಟೆವು. ಸೊಳ್ಳೆ ಮರಿಯ ಜೊತೆಗೆ ಅದನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಸಾಯುತ್ತವೆ. ಸೊಳ್ಳೆ ವಾರದಲ್ಲಿ ವಾಪಸ್ ಬರುತ್ತದೆ, ಚಿಟ್ಟೆ ಅಷ್ಟು ಬೇಗ ಬರಲ್ಲ.

ಕೆಲವರು ಮಂಗನ ಕಾಯಿಲೆಗೂ ಇದರಿಂದ ತಡೆ ಆಗುತ್ತಾ ಅಂತ ಕೇಳುತ್ತಾರೆ. ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗ ಉಣುಗಿನಿಂದ ಬರುವುದು, ಸೊಳ್ಳೆಯಿಂದಲ್ಲ. ಬೇಸಿಗೆಯಲ್ಲಿ ಕಾಡಿಗೆ, ತರಗೆಲೆಗೆ ಹೋಗಿ ಬಂದವರಿಗೆ ಜ್ವರ ಬಂದರೆ ಅದನ್ನು ಡಾಕ್ಟರ ಹತ್ತಿರ ಮೊದಲೇ ಹೇಳಿ.

ಈಗ ಚಪ್ಪರದಲ್ಲಿ ಅಡಿಕೆ ಸುಲಿಯುವವರು ಹಗಲಲ್ಲಿ ಹೊಗೆ ಹಾಕಿಕೊಳ್ಳುವುದು ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಪಕ್ಕದ ಮನೆಯವರು ಬೆಂಗಳೂರು ಸೇರಿ ಬಾಗಿಲು ಹಾಕಿದ್ದಾರೆ. ಅಂಗಳದ ತುಂಬ ಹಾಳೆ, ಮುಚ್ಚಳ ಹಾರಿದ ಸಿಂಟೆಕ್ಸ್. ಫೋನ್ ಮಾಡಿ "ಭಾವ, ನಿಮ್ಮ ಟ್ಯಾಂಕ್ ಬರಿದು ಮಾಡಿ ಬೋರಲು ಹಾಕಲಾ?" ಅಂತ ಕೇಳಿದೆ. ಗೇಟಿನ ಕೀಲಿ ಎಲ್ಲಿದೆ ಅಂತ ಹೇಳಿದರು. ಶನಿವಾರದ ಸುತ್ತು ಈಗ ಅವರ ಅಂಗಳಕ್ಕೂ ಹೋಗುತ್ತದೆ.