ಮೊದಲು ಮಾರ್ಕೆಟ್, ಆಮೇಲೆ ಕಂಪನಿ: ನೈರೋಬಿಯಲ್ಲಿ ನಮ್ಮ ಎಂಬಿಎ ಮಕ್ಕಳು

ಬೆಂಗಳೂರಿನ ಕಾಲೇಜೊಂದರಲ್ಲಿ ಎಂಬಿಎ ಪಾಠ ಮಾಡುತ್ತೇನೆ. ಮಕ್ಕಳನ್ನು ಕೀನ್ಯಾಕ್ಕೆ ಕರೆದುಕೊಂಡು ಹೋಗುವುದು ಅಂತಾದಾಗ ಒಂದನ್ನು ಮೊದಲೇ ಗಟ್ಟಿ ಮಾಡಿಕೊಂಡೆ. ಕಂಪನಿ ಭೇಟಿಗಳೆಲ್ಲ ಕೊನೆಗೆ. ಎಸಿ ರೂಮಿನಲ್ಲಿ ಕೂತು ಸ್ಲೈಡ್ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಅಲ್ವಾ?

ತಯಾರಿಯಲ್ಲಿ ಮುಖ್ಯವಾದದ್ದು ಯೆಲ್ಲೋ ಫೀವರ್ ಲಸಿಕೆ. ಹೊರಡುವ 10 ದಿನ ಮೊದಲಾದರೂ ಹಾಕಿಸಿಕೊಂಡು ಕಾರ್ಡ್ ಇಟ್ಟುಕೊಳ್ಳಬೇಕು. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದನ್ನು ಕೇಳುತ್ತಾರೆ. 2024ರಿಂದ ಕೀನ್ಯಾಕ್ಕೆ ವೀಸಾ ಬದಲು ಆನ್‌ಲೈನ್ ಅನುಮತಿ ಬಂದಿದೆ. 2017ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ಹಾಗಾಗಿ ಎಲ್ಲರೂ ಬಟ್ಟೆ ಚೀಲ ತಂದಿದ್ದರು.

ನೈರೋಬಿಯಲ್ಲಿ ನಮ್ಮ ಪ್ರತಿ ವಿದ್ಯಾರ್ಥಿಗೂ ಅಲ್ಲಿನ ಒಬ್ಬ ವಿದ್ಯಾರ್ಥಿಯನ್ನು ಜೊತೆ ಮಾಡಿದೆ. ನನ್ನ ಷರತ್ತು ಇಷ್ಟೇ: ಅಂಗಡಿಗೆ ಹೋದ ಕೂಡಲೇ ರೇಟು ಕೇಳುವಂತಿಲ್ಲ. ಮೊದಲು 'ಹಬಾರಿ' ಅಂತ ಕ್ಷೇಮ ವಿಚಾರಿಸಬೇಕು, ಅವರು ವಿಚಾರಿಸಿದರೆ ಉತ್ತರ ಕೊಡಬೇಕು, ಆಮೇಲೆ ವ್ಯಾಪಾರ. ಕೇಳದೆ ಫೋಟೋ ತೆಗೆಯುವಂತಿಲ್ಲ. ಇದನ್ನು ಪಾಲಿಸಿದ ಮಕ್ಕಳಿಗೆ ಕೂರಲು ಸ್ಟೂಲು ಸಿಕ್ಕಿತು, ಪ್ರಶ್ನೆಗೆ ಉತ್ತರವೂ ಸಿಕ್ಕಿತು.

ಮೊದಲ ಪಾಠ ಎಂ-ಪೆಸಾ ಏಜೆಂಟರ ಹತ್ತಿರ. ಎಂ-ಪೆಸಾ ಅಂದರೆ ಮೊಬೈಲ್ ಫೋನಿನಲ್ಲೇ ದುಡ್ಡು ಇಟ್ಟುಕೊಂಡು ಕಳಿಸುವ ವ್ಯವಸ್ಥೆ. ಸಫಾರಿಕಾಮ್ ಅನ್ನುವ ಮೊಬೈಲ್ ಕಂಪನಿ 2007ರಲ್ಲಿ ಶುರು ಮಾಡಿದ ಇದಕ್ಕೆ ಬ್ಯಾಂಕ್ ಖಾತೆ ಬೇಡ, ಸ್ಮಾರ್ಟ್‌ಫೋನೂ ಬೇಡ. ನಮ್ಮ ಯುಪಿಐನಲ್ಲಿ ದುಡ್ಡು ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗುತ್ತದೆ. ಎಂ-ಪೆಸಾದಲ್ಲಿ ನಂಬಿಕೆ ನಿಂತಿರುವುದು ಬೀದಿ ಬದಿಯ ಏಜೆಂಟರ ಮೇಲೆ. ಅವರ ಬಳಿ ಎರಡು ಬಗೆಯ ದುಡ್ಡು ಇರಬೇಕು: ಡ್ರಾಯರಿನಲ್ಲಿ ನೋಟು, ಫೋನಿನಲ್ಲಿ ಫ್ಲೋಟ್, ಅಂದರೆ ಎಂ-ಪೆಸಾ ಖಾತೆಯಲ್ಲಿರುವ ದುಡ್ಡು. ಜನ ದುಡ್ಡು ಕಟ್ಟಿದರೆ ನೋಟು ಹೆಚ್ಚುತ್ತದೆ, ಫ್ಲೋಟ್ ಕರಗುತ್ತದೆ. ಬಿಡಿಸಿಕೊಂಡರೆ ಅದೇ ಉಲ್ಟಾ. ಎರಡರಲ್ಲಿ ಯಾವುದು ಖಾಲಿಯಾದರೂ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಕಮಿಷನ್ನೂ ಹೋಗುತ್ತದೆ. ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದ ವ್ಯಾಪಾರ ನಡೆಸಲು ಕೈಯಲ್ಲಿರಬೇಕಾದ ದುಡ್ಡಿನ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ನಾನು ಬೋರ್ಡಿನ ಮೇಲೆ ಬಿಡಿಸಲಾರೆ.

ಗಿಕೊಂಬಾ ಮಾರ್ಕೆಟ್ಟಿಗೆ ಬೆಳಗ್ಗೆ ಬೇಗ ಹೋದೆವು. ಹೊರದೇಶಗಳಿಂದ ಬರುವ ಹಳೆ ಬಟ್ಟೆಯ ವ್ಯಾಪಾರ, ಅಂದರೆ ಮಿತುಂಬಾ, ಇಲ್ಲಿ ದೊಡ್ಡದು. ವ್ಯಾಪಾರಿ ಸೀಲ್ ಮಾಡಿದ ಮೂಟೆಯನ್ನು ಒಳಗೇನಿದೆ ಅಂತ ನೋಡದೆಯೇ ಕೊಳ್ಳಬೇಕು. ಬಿಚ್ಚಿದ ಮೇಲೆ ಒಳ್ಳೆಯ ಬಟ್ಟೆಗೆ ಒಳ್ಳೆಯ ಬೆಲೆ, ಉಳಿದದ್ದಕ್ಕೆ ಹೊತ್ತು ಏರಿದ ಹಾಗೆ ಕಡಿಮೆ. ಒಂದು ಮೂಟೆಯಲ್ಲಿ ಅಸಲು ಯಾವಾಗ ಹುಟ್ಟುತ್ತದೆ ಅಂತ ಮಕ್ಕಳು ಅಲ್ಲೇ ನಿಂತು ಲೆಕ್ಕ ಹಾಕಿದರು.

ನನಗೆ ತುಂಬಾ ಇಷ್ಟವಾದದ್ದು ಚಾಮಾ. ಗೆಳತಿಯರು, ನೆರೆಯವರು, ಸಹೋದ್ಯೋಗಿಗಳು ಸೇರಿ ಕಟ್ಟಿಕೊಳ್ಳುವ ಉಳಿತಾಯದ ಗುಂಪು. ತಿಂಗಳು ತಿಂಗಳು ಎಲ್ಲರೂ ಹಾಕುತ್ತಾರೆ, ಸರದಿಯಂತೆ ಒಬ್ಬರು ಪೂರ್ತಿ ಎತ್ತುತ್ತಾರೆ. "ಸರ್, ಇದು ನಮ್ಮಮ್ಮ ಹಾಕೋ ಚೀಟಿ!" ಅಂದಳು ಒಬ್ಬ ಹುಡುಗಿ. ಹೌದು, ಆದರೆ ನಮ್ಮ ಕಡೆ ಹರಾಜು ಚೀಟಿಯಲ್ಲಿ ಅರ್ಜೆಂಟ್ ಇದ್ದವರು ಕಡಿಮೆಗೆ ಕೂಗಿ ಎತ್ತುತ್ತಾರೆ. ಈ ಸರದಿಯ ಲೆಕ್ಕದಲ್ಲಿ ಯಾರಿಗೂ ನಷ್ಟವಿಲ್ಲ, ಆದರೆ ಕಷ್ಟ ಬಂದಾಗಲೇ ದುಡ್ಡು ಸಿಗುತ್ತದೆ ಅಂತಿಲ್ಲ. ಯಾವುದು ನ್ಯಾಯ ಅಂತ ಎರಡೂ ಕಡೆಯ ಮಕ್ಕಳು ಊಟದ ಹೊತ್ತಿನಲ್ಲೂ ವಾದ ಮಾಡಿದರು. ಚಾಮಾ ಕಟ್ಟಿಯೇ ಜಮೀನು ಕೊಳ್ಳುವವರೂ ಅಲ್ಲಿದ್ದಾರೆ.

ರೈಲ್ವೆ ಮ್ಯೂಸಿಯಂ ಬಿಡಬೇಡಿ. 1896ರಲ್ಲಿ ಮೊಂಬಾಸಾದಿಂದ ಹಳಿ ಹಾಕಲು ಶುರು ಮಾಡಿದಾಗ ಬ್ರಿಟಿಷರು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆತಂದರು, ಬಹುಪಾಲು ಪಂಜಾಬಿನವರು. ಸುಮಾರು 2,500 ಜನ ಸತ್ತರು. ಕೆಲವರು ಅಲ್ಲೇ ಉಳಿದರು. ಭಾರತ ಮೂಲದವರನ್ನು ಕೀನ್ಯಾ ಸರ್ಕಾರ 2017ರಲ್ಲಿ ತನ್ನ 44ನೇ ಸಮುದಾಯವೆಂದು ಒಪ್ಪಿಕೊಂಡಿತು. ಬಿಯಾಶಾರಾ ಬೀದಿಯ ಹಳೆ ಜವಳಿ ಅಂಗಡಿಗಳನ್ನು ಇದು ತಿಳಿದ ಮೇಲೆ ನೋಡಬೇಕು.

ಕಡೆಗೆ ಕಂಪನಿಗಳಿಗೆ ಹೋದೆವು. ಒಂದು ಕಡೆ ಸ್ಲೈಡ್ ಅರ್ಧದಲ್ಲೇ ನಿಂತಿತು. ಸಂಬಳದ ವಾರದಲ್ಲಿ ಏಜೆಂಟರ ನೋಟು ಖಾಲಿಯಾದರೆ ಹೊಣೆ ಯಾರದು, ಚಾಮಾಕ್ಕೆ ಸಾಲ ಕೊಡುವಾಗ ಯಾರ ಸಹಿ ಬೇಕು, ಒಬ್ಬರು ಕಟ್ಟದಿದ್ದರೆ ಏನು ಮಾಡುತ್ತೀರಿ ಅಂತ ಮಕ್ಕಳು ಒಂದರ ಹಿಂದೆ ಒಂದು ಕೇಳಿದರು. ಅಧಿಕಾರಿ ಲ್ಯಾಪ್‌ಟಾಪ್ ಮುಚ್ಚಿ, ಕುರ್ಚಿ ಎಳೆದುಕೊಂಡು ಉತ್ತರ ಕೊಡಲು ಕೂತರು.